ಅಗೆಯದೆ ಬಿಟ್ಟ ಕಲ್ಲಿನ ಕೋಣೆ

"ಕಾಡಿನಲ್ಲಿ ಚರಿತ್ರೆ ಎಂತದ್ದು ಮಾರಾಯ?" ಎಂದು ನಾನು ಫೋನಿನಲ್ಲೇ ಬೈದಿದ್ದೆ.

ಆ ಕಡೆ ಇದ್ದವನು ಮಣಿಪಾಲದಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ನನ್ನ ಸ್ನೇಹಿತ. ಕಾಪುವಿನವನು. ಮನೆಯವರೆಲ್ಲ ಮೀನಿನ ವ್ಯಾಪಾರದವರು, ಇವನೊಬ್ಬ ಮಾತ್ರ ಕಡಲಿಗೆ ಬೆನ್ನು ಹಾಕಿ ಮರ ನೋಡಲು ಹೊರಟವನು. ನನಗಿಂತ ಸಾಕಷ್ಟು ಚಿಕ್ಕವನಾದ್ದರಿಂದ ಅಕ್ಕ ಎಂದು ಕರೆಯುತ್ತಿದ್ದ. ನಾನು ಎಷ್ಟು ಬೈದರೂ ನಗುವುದು ಅವನ ಅಭ್ಯಾಸ. ಆ ದಿನವೂ ನಕ್ಕ. ಕಾರ್ಕಳಕ್ಕೂ ಕಾಪುವಿಗೂ ನಡುವೆ ಒಂದು ಸಣ್ಣ ಮೀಸಲು ಕಾಡು ಉಂಟು, ಅರಣ್ಯ ಇಲಾಖೆಯವರು ಅಲ್ಲಿ ಜನ ನಡೆದಾಡುವ ದಾರಿ ಮಾಡಿ ಬದಿಗೆ ಫಲಕ ಹಾಕುತ್ತಾರೆ, ಮರಗಳ ಬಗ್ಗೆ ತಾನು ಬರೆಯುವುದು, ಜಾಗದ ಹಳೆಯ ಕಥೆ ನೀವು ಬರೆಯಬೇಕು ಎಂದ. ಕೊರೊನಾ ಬರುವುದಕ್ಕೆ ಕೆಲವು ವರ್ಷ ಮೊದಲಿನ ಮಾತು ಇದು.

ನಾನು ಆಗ ಉಡುಪಿಯ ಒಂದು ಕಾಲೇಜಿನಲ್ಲಿ ಚರಿತ್ರೆಯ ಟೀಚರ್. ರಜೆ ಸಿಕ್ಕಿದರೆ ಹಳೆಯ ಮಡಕೆಯ ಚೂರು ಹುಡುಕಿಕೊಂಡು ಗುಡ್ಡ ಸುತ್ತುವ ಚಟ. ನಮ್ಮ ಕರಾವಳಿಯ ಕೆಂಪು ಮುರಕಲ್ಲಿನ ಪದವುಗಳಲ್ಲಿ, ಗುಡ್ಡದ ನೆತ್ತಿಯ ಬಯಲುಗಳಲ್ಲಿ, ಎರಡು ಸಾವಿರ ವರ್ಷಕ್ಕೂ ಹಿಂದಿನ ಜನ ತಮ್ಮ ಸತ್ತವರಿಗಾಗಿ ನೆಲದ ಒಳಗೆ ಕೋಣೆ ಕೊರೆದು ಇಟ್ಟಿದ್ದಾರೆ. ಅಂಥ ಎಷ್ಟೋ ಕೋಣೆಗಳನ್ನು ನೋಡಿದ್ದೇನೆ. ಎಲ್ಲವೂ ಬರಿದು. ನಿಧಿಯ ಆಸೆಗೆ ಯಾರೋ ಅಗೆದು ಬಿಟ್ಟದ್ದು, ಇಲ್ಲ ಕಲ್ಲು ಕಡಿಯುವ ಮೆಷಿನಿಗೆ ಅರ್ಧ ಹೋದದ್ದು. ಒಂದಾದರೂ ಯಾರೂ ಮುಟ್ಟದ ಕೋಣೆ ನನ್ನ ಕೈಯಿಂದ ತೆರೆಯಬೇಕು, ಅವರು ಇಟ್ಟದ್ದನ್ನು ಇಟ್ಟ ಹಾಗೆಯೇ ನೋಡಬೇಕು ಎಂಬುದು ನನ್ನ ಆಸೆ. ಬೇರೆ ದೊಡ್ಡ ಆಸೆ ಯಾವುದೂ ನನಗೆ ಇರಲಿಲ್ಲ. ನಂಬುವವರು ನಂಬಿ.

ಕಾಡಿನ ಹೆಸರು ಕೇಳಿದಾಗ ಮಾತ್ರ ನನ್ನ ಬಾಯಿ ಮುಚ್ಚಿತು. ನನ್ನ ತಾಯಿಯ ಊರು ಅಲ್ಲಿಂದ ಎರಡು ಗುಡ್ಡ ಆಚೆ. ಚಿಕ್ಕವಳಿದ್ದಾಗ ಬೇಸಿಗೆಯಲ್ಲಿ ಅಮ್ಮ, ಚಿಕ್ಕಮ್ಮಂದಿರು ಹಟ್ಟಿಗೆ ಹಾಕಲು ತರಗೆಲೆ ಗುಡಿಸಲಿಕ್ಕೆ ಆ ಕಾಡಿಗೆ ಹೋಗುವಾಗ ನಾವೂ ಹಿಂದೆ ಬೀಳುತ್ತಿದ್ದೆವು. ಅವರು ಗುಡಿಸುವುದು, ನಾವು ಕೇಪಳದ ಹಣ್ಣು ತಿಂದು ನಾಲಿಗೆ ಕೆಂಪು ಮಾಡಿಕೊಳ್ಳುವುದು. ತಲೆಯ ಮೇಲೆ ಮಂಗಟ್ಟೆ ಹಕ್ಕಿ ರೆಕ್ಕೆ ಬಡಿದರೆ ಯಾರೋ ಚಾಪೆ ಕೊಡವಿದ ಹಾಗೆ ಸದ್ದು. ಅಮ್ಮ ಹೋಗಿ ಆಗಲೇ ಬಹಳ ಕಾಲವಾಗಿತ್ತು. "ಬರ್ತೇನೆ, ಸಾಯಿ" ಎಂದು ಬೈದೇ ಫೋನು ಇಟ್ಟೆ.

ಆ ಬೇಸಿಗೆ ಪೂರ್ತಿ ನಾವಿಬ್ಬರು ಅಲ್ಲಿ ನಡೆದೆವು. ನಾನು ಅಂಬಲಪಾಡಿಯಿಂದ ಬೆಳಿಗ್ಗೆ ಬಸ್ಸು ಹತ್ತುವುದು, ಅವನು ಬೈಕಿನಲ್ಲಿ ಬಂದು ಹೆದ್ದಾರಿಯಿಂದ ನನ್ನನ್ನು ಕರೆದುಕೊಂಡು ಎಲ್ಲೂರು ದಾಟಿ ಒಳಗೆ ಹೋಗುವುದು. ಪದವು ಹತ್ತಿ ತಿರುಗಿ ನೋಡಿದರೆ ಪಡುಬಿದ್ರಿ ಕಡೆಯ ಕರೆಂಟಿನ ಕಾರ್ಖಾನೆಯ ಚಿಮಣಿ, ಅದರಾಚೆ ಕಡಲಿನ ಗೆರೆ. ಪದವು ಎಂದರೆ ಬರೀ ಮುರಕಲ್ಲಿನ ಬಯಲು. ಮೇ ತಿಂಗಳಲ್ಲಿ ಕಾವಲಿಯ ಹಾಗೆ ಕಾಯುತ್ತದೆ, ಹುಲ್ಲು ಮತ್ತು ಚೂರಿಮುಳ್ಳು ಬಿಟ್ಟರೆ ಬೇರೆಂತದೂ ಏಳುವುದಿಲ್ಲ. ಆದರೆ ಅದರ ನಡುವೆ ಈ ಕಾಡು ಕಪ್ಪಗೆ ನಿಂತಿತ್ತು. ಧೂಪ, ಬೋಗಿ, ರೆಂಜೆ, ಪುನರ್ಪುಳಿಯ ಮರಗಳು. ಒಳಗೆ ಕಾಲಿಟ್ಟರೆ ಬೆವರು ಅಲ್ಲೇ ಆರುತ್ತಿತ್ತು.

"ಇಲ್ಲಿ ಮಣ್ಣು ಒಂದು ಗೇಣು ಇಲ್ಲ ಅಕ್ಕ. ಇಷ್ಟು ದೊಡ್ಡ ಧೂಪ ಎಲ್ಲಿಂದ ನೀರು ಕುಡಿಯುತ್ತದೆ?" ಎಂದು ಅವನು ಮೊದಲ ದಿನದಿಂದಲೇ ತಲೆ ಕೆರೆದುಕೊಳ್ಳುತ್ತಿದ್ದ.

"ಮರವನ್ನೇ ಕೇಳು. ನನಗೆ ಎಂತ ಗೊತ್ತು?"

ನಮ್ಮ ಕೆಲಸದ ಕ್ರಮ ಸರಳ. ಕಾಡನ್ನು ಹಗ್ಗ ಹಿಡಿದು ಪಟ್ಟಿ ಪಟ್ಟಿಯಾಗಿ ಮಾಡುವುದು, ಒಂದು ಪಟ್ಟಿ ಪೂರ್ತಿ ನಡೆಯದೆ ಇನ್ನೊಂದಕ್ಕೆ ಹೋಗಬಾರದು. ಅವನ ಕಣ್ಣು ಮೇಲೆ, ನನ್ನ ಕಣ್ಣು ಕೆಳಗೆ. ನನ್ನ ಕೈಯಲ್ಲಿ ಒಂದು ಕಬ್ಬಿಣದ ಸಲಾಕೆ. ತರಗೆಲೆಯ ಕೆಳಗೆ ಚುಚ್ಚಿದರೆ ಗಟ್ಟಿ ಕಲ್ಲಾದರೆ ಟಣ್ ಎನ್ನುತ್ತದೆ, ಟೊಳ್ಳಾದರೆ ಸದ್ದು ಒಳಗೆ ಹೋಗುತ್ತದೆ. ಬಹಳ ದಿನ ಬರೀ ಟಣ್. ಒಮ್ಮೆ ಬೂದಿಯ ರಾಶಿ, ಅದರಲ್ಲಿ ಮಡಕೆ ಚೂರು ಸಿಕ್ಕಿ ನಾನು ಕುಣಿದೆ. ಆಮೇಲೆ ನೋಡಿದರೆ ಯಾರೋ ತೋಟದ ಗೊಬ್ಬರಕ್ಕೆ ಸುಡುಮಣ್ಣು ಮಾಡಿದ ಜಾಗ, ಚೂರು ಅವರ ಗಂಜಿ ಮಡಕೆಯದ್ದು. "ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತಲ್ಲ ಅಕ್ಕ" ಎಂದು ಅವನು ಒಂದು ವಾರ ಆಡಿಕೊಂಡ. ಅವನಿಗೆ ಆಡಿಕೊಳ್ಳಲು ಒಂದು ಸಿಕ್ಕಿದರೆ ಸಾಕಿತ್ತು.

ಮೇ ಮುಗಿಯುತ್ತಾ ಬಂದಾಗ ಒಂದು ಬೆಳಿಗ್ಗೆ ದೊಡ್ಡ ಧೂಪದ ಮರದ ಬುಡದಲ್ಲಿ ಮುಳ್ಳುಹಂದಿಯ ಮುಳ್ಳು ಬಿದ್ದಿದ್ದವು. ಮುಳ್ಳಿನ ಹಿಂದೆಯೇ ಹೋದರೆ ಬೇರಿನ ಕೆಳಗೆ ಅದರ ಮಾಟೆ. ನಮ್ಮಲ್ಲಿ ಪ್ರಾಣಿಯ ಬಿಲಕ್ಕೆ ಮಾಟೆ ಎನ್ನುವುದು. ಅದರಿಂದ ಸ್ವಲ್ಪ ಆಚೆ ಎಲೆ ಗುಡಿಸಿದರೆ ಇನ್ನೊಂದು ತೂತು, ಮಣ್ಣು ತುಂಬಿ ಮೇಲಿನ ಒಂದು ಮೊಳ ಮಾತ್ರ ಖಾಲಿ. ಅಂಚು ಎಷ್ಟು ದುಂಡಗೆ ಇತ್ತೆಂದರೆ ಮುಳ್ಳುಹಂದಿ ಬಿಡಿ, ಇವತ್ತಿನ ಮೇಸ್ತ್ರಿಯೂ ಹಾಗೆ ಕಡಿಯಲಾರ. ಅಂಚಿನ ಒಳಗೆ ಬೆರಳು ಆಡಿಸಿದೆ. ಉಳಿಯ ಗೀರು ಒಂದರ ಪಕ್ಕ ಒಂದು.

ಸಂಜೆಯೊಳಗೆ ಆ ತೂತಿನ ಬಾಯಿಯ ಮಣ್ಣನ್ನು ಕೈಯಿಂದಲೇ ಸ್ವಲ್ಪ ಬಿಡಿಸಿ ಕನ್ನಡಿ ಹಿಡಿದೆವು. ನೆಲದೊಳಗಿನ ಕೋಣೆ ನೋಡಲು ಟಾರ್ಚಿಗಿಂತ ಬಿಸಿಲೇ ಒಳ್ಳೆಯದು. ಮುಖ ನೋಡುವ ಕನ್ನಡಿಯನ್ನು ಬಿಸಿಲಿಗೆ ಹಿಡಿದು ಬೆಳಕನ್ನು ಒಳಗೆ ಬಿಟ್ಟರೆ ಗೋಡೆ ಪೂರ್ತಿ ಕಾಣುತ್ತದೆ. ಒಳಗೆ ಗುಮ್ಮಟದ ಹಾಗೆ ಕೊರೆದ ಕೋಣೆ. ಅರ್ಧಕ್ಕಿಂತ ಹೆಚ್ಚು ಮಣ್ಣು ತುಂಬಿದೆ, ಮಣ್ಣಿನಿಂದ ಮೇಲೆ ಬಂದ ಎರಡು ಮಡಕೆಯ ಬಾಯಿ. ಹೊರಗೆ ಕೆಂಪು, ಒಳಗೆ ಕಪ್ಪು, ಆ ಕಾಲದ ಮಡಕೆಯ ಗುರುತೇ ಅದು. ಬಾಯಿ ಒಡೆದಿರಲಿಲ್ಲ. ಅಂದರೆ ಒಳಗೆ ಯಾರೂ ಕೈ ಹಾಕಿಲ್ಲ.

ಗೆಳೆಯನಿಗೂ ಅವನ ಉತ್ತರ ಅಲ್ಲೇ ಸಿಕ್ಕಿತು. ಕೋಣೆಯ ಒಂದು ಬದಿಯಿಂದ ಧೂಪದ ಬೇರು ತೊಲೆಯ ಹಾಗೆ ಇಳಿದಿತ್ತು. ಸುತ್ತಲೂ ಸಲಾಕೆ ಹಾಕಿ ನೋಡಿದರೆ ದೊಡ್ಡ ಮರಗಳೆಲ್ಲ ಇಂಥದ್ದೇ ಟೊಳ್ಳಿನ ಮೇಲೆ. ಮಣ್ಣಿಲ್ಲದ ಪದವಿನಲ್ಲಿ ಹಿಂದಿನವರು ಸತ್ತವರಿಗಾಗಿ ಕಲ್ಲು ಕೊರೆದರು, ಕೊರೆದಲ್ಲಿ ಮಣ್ಣೂ ನೀರೂ ನಿಂತಿತು, ಅಲ್ಲಿ ಬೀಜ ಬಿದ್ದು ಕಾಡಾಯಿತು. "ಇದು ಕಾಡಲ್ಲ ಅಕ್ಕ, ಸ್ಮಶಾನ" ಎಂದ. ಆಮೇಲೆ ಮರಕ್ಕೆ ಒರಗಿ, "ಎಷ್ಟು ತಂಪುಂಟು ಅಲ್ವಾ?" ಎಂದ. ಇಬ್ಬರೂ ಬಹಳ ಹೊತ್ತು ಅಲ್ಲೇ ಕುಳಿತೆವು. ನನ್ನ ಜೀವನದ ಒಳ್ಳೆಯ ಸಂಜೆಗಳಲ್ಲಿ ಅದೊಂದು.

ಮರುದಿನ ಅಳತೆಗೆ ಇಳಿದೆವು. ಗೂಟ ಹೊಡೆದು ನೂಲು ಕಟ್ಟಿ ಚೌಕ ಮಾಡಿದ್ದೇ ತಡ, ಕೆಂಪಿರುವೆ ನೂಲಿನ ಮೇಲೆಯೇ ಸಾಲು ಹಿಡಿದು ನಮ್ಮ ಮೈಗೆ ಬಂತು. ತೂತಿನ ಅಂಚಿಗೆ ಹೊಟ್ಟೆಯ ಮೇಲೆ ಮಲಗಿ ಟೇಪು ಬಿಡುವವಳು ನಾನು. ಕುತ್ತಿಗೆ, ಕಿವಿ ಎಲ್ಲ ಉರಿ. ಗೆಳೆಯ ಬೈಕಿನ ಡಬ್ಬಿಯಿಂದ ಅರಿಶಿನದ ಪುಡಿಯ ಪೊಟ್ಟಣ ತಂದ. ಮೀನಿಗೆ ಹಾಕಲು ತಾಯಿ ತರಲು ಹೇಳಿದ್ದಂತೆ. ಅವರ ಮನೆಯಲ್ಲಿ ಮೀನಿನ ಬುಟ್ಟಿಗೆ ಇರುವೆ ಬಾರದ ಹಾಗೆ ಸುತ್ತ ಅರಿಶಿನ ಹಾಕುವುದು ರೂಢಿ. ಇಲ್ಲಿಯೂ ತೂತಿನ ಸುತ್ತ ದಪ್ಪಗೆ ಸುರಿದ. ಇರುವೆ ನಿಂತಿತು. ನಾನು "ಭೇಷ್" ಎಂದೆ. ಇಬ್ಬರೂ ಕರಾವಳಿಯಲ್ಲೇ ಹುಟ್ಟಿ ಬೆಳೆದವರು. ಕಾಡಿನ ನಡುವೆ, ಬಿಲದ ಬಾಯಿಗೆ, ಕಲ್ಲಿನ ಮೇಲೆ ಅರಿಶಿನ ಹಾಕಿದರೆ ನಮ್ಮ ಊರಿನಲ್ಲಿ ಎಂತ ಅರ್ಥ ಎಂದು ಇಬ್ಬರ ತಲೆಗೂ ಹೋಗಲಿಲ್ಲ. ಅಳತೆ ಮುಗಿಸಿ ಮನೆಗೆ ಹೋದೆವು.

ನಡುವೆ ಒಂದು ಭಾನುವಾರ ಬಂತು. ಸೋಮವಾರ ಬಂದು ನೋಡುತ್ತೇವೆ, ತೂತಿನ ಅಂಚಿಗೆ ಅಡಿಕೆಯ ಹಿಂಗಾರ, ಎರಡು ಸಿಯಾಳ, ಹಾಲು ಚೆಲ್ಲಿದ ಗುರುತು. ನಮ್ಮ ಗೂಟ, ನೂಲು ಎಲ್ಲ ಕಿತ್ತು ಒಂದು ಬದಿಗೆ ಜೋಡಿಸಿ ಇಟ್ಟಿದ್ದಾರೆ. ಮರದ ಕೆಳಗೆ ಜನ. ನಾವು ಚಪ್ಪಲಿ ಹಾಕಿಕೊಂಡು ಬಂದದ್ದನ್ನು ನೋಡಿ ಒಬ್ಬರು "ಚಪ್ಪಲಿ ಅಲ್ಲೇ ಬಿಡಿ, ನಾಗ ಉಂಟು" ಎಂದರು.

ಆಗ ನನಗೆ ಆ ಅರಿಶಿನದ ನೆನಪಾಯಿತು.

ನಾಗನಿಗೆ ಹಾಲೆರೆಯುವುದಕ್ಕೆ ನಮ್ಮಲ್ಲಿ ತನು ಹಾಕುವುದು ಎನ್ನುತ್ತಾರೆ. ಮೊದಲು ತನು ಹಾಕಿದವರು ಕಾಡಿನ ಕೆಳಗಿನ ಗುತ್ತಿನ ಮನೆಯ, ಅಂದರೆ ಊರಿನ ಹಿರಿ ಮನೆತನದ ಅಮ್ಮ, ಗುತ್ತಿನ ಯಜಮಾನರ ತಂಗಿ. ಕಾಣೆಯಾದ ದನ ಹುಡುಕಿಕೊಂಡು ಬಂದು ಅರಿಶಿನ ಕಂಡರು, ಕೈ ಮುಗಿದರು, ಮನೆಗೆ ಹೋಗಿ ಹಾಲು ತಂದರು. ಅವರ ತಪ್ಪು ಎಂತ? ಅವರ ಜಾಗದಲ್ಲಿ ನಾನಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಆದರೆ ಸುದ್ದಿ ಅಲ್ಲಿಗೆ ನಿಲ್ಲಲಿಲ್ಲ. ಒಂದು ವಾರದೊಳಗೆ ಜೀರ್ಣೋದ್ಧಾರ ಸಮಿತಿ ಎಂಬ ಮಾತು ಬಂತು. ಈಗಿನ ಜೀರ್ಣೋದ್ಧಾರ ಎಂದರೆ ನೋಡಿದವರಿಗೆ ಗೊತ್ತು. ನಾಗಬನದ ಮರ ಕಡಿಯುವುದು, ನೆಲಕ್ಕೆ ಸಿಮೆಂಟು, ಸುತ್ತ ಟೈಲ್ಸ್ ಹಾಕಿದ ಕಟ್ಟೆ, ಕಾರು ಬರಲು ದಾರಿ. ನಾಗನಿಗೆ ಬೇಕಾದ ತಂಪೇ ಅಲ್ಲಿಗೆ ಹೋಗಿರುತ್ತದೆ. ಕಟ್ಟೆ ಬಂದರೆ ನನ್ನ ಕೋಣೆ ಅದರ ಅಡಿಗೆ. ಗೆಳೆಯನ ಧೂಪ ಮೊದಲ ದಿನವೇ ನೆಲಕ್ಕೆ.

ರೇಂಜರ್ ಸಾಹೇಬರಿಗೆ ವಿಷಯ ಮುಟ್ಟಿತು. ಅವರು ಧಾರವಾಡ ಕಡೆಯವರು, ಒಳ್ಳೆಯ ಮನುಷ್ಯ, ಗಲಾಟೆ ಎಂದರೆ ಆಗುವುದಿಲ್ಲ.

"ಏನ್ರೀ ಮೇಡಂ, ಬೋರ್ಡ್ ಬರೀರಿ ಅಂದ್ರ ಗುಡಿನ ಕಟ್ಟಿಸಾಕ ಹತ್ತೀರಲ್ಲ! ನಾ ಬ್ಯಾಡ ಅಂದ್ರ ಊರವ್ರು ಸಿಟ್ಟಿಗೇಳ್ತಾರ, ಹೂಂ ಅಂದ್ರ ಮ್ಯಾಲಿನವ್ರು ಬಿಡೂದಿಲ್ಲ. ಜೆಸಿಬಿ ತರಿಸಿ ಆ ತೂತು ಮುಚ್ಚಿ ಸುತ್ತ ತಂತಿ ಬೇಲಿ ಹಾಕಿಬಿಡ್ತೀನಿ, ತಂಟೇನ ಇಲ್ಲ."

"ಸರ್, ಆ ಭಾರದ ಗಾಡಿ ಮೇಲೆ ಬಂದರೆ ಕೋಣೆಯ ಚಾವಣಿಯೇ ಕುಸಿಯುತ್ತದೆ" ಎಂದೆ.

"ಹಂಗಾರ ಊರವ್ರ್ನ ನೀವ ಒಪ್ಪಸ್ರಿ. ಮಳಿ ಬರೂದ್ರೊಳಗ. ಅವ್ರ ತಕರಾರು ಇಲ್ಲ ಅಂದ್ರ ಅಗಿಯಾಕೂ ನಾನ ಬರದು ಕಳಸ್ತೀನಿ."

ಅಗೆಯಲಿಕ್ಕೂ! ನನ್ನ ಕಿವಿ ಅಲ್ಲಿಗೇ ನೆಟ್ಟಗಾಯಿತು. ಊರವರು ಒಪ್ಪಿದರೆ ಕೋಣೆ ಉಳಿಯುತ್ತದೆ, ಉಳಿಯುವುದಷ್ಟೇ ಅಲ್ಲ, ನಾನು ತೆರೆಯಬಹುದು.

ಹೇಗೆ ಒಪ್ಪಿಸುವುದು ಎಂದು ನಾವಿಬ್ಬರು ಅಂಬಲಪಾಡಿಯ ನನ್ನ ಮನೆಯಲ್ಲಿ ಕುಳಿತು ಜಗಳ ಮಾಡಿದೆವು. ಅರಿಶಿನ ಹಾಕಿದ್ದು ನಾನೇ ಎಂದು ಹೇಳಿಬಿಡುತ್ತೇನೆ ಎಂದು ಅವನು. ಹೇಳು, ಯಾರು ಬೇಡ ಎಂದರು? ಆದರೆ "ನಾಗನೇ ನಿಮ್ಮ ಕೈಯಿಂದ ಹಾಕಿಸಿದ" ಎಂದು ಅವರು ಹೇಳಿದರೆ ಮುಂದೆ ಎಂತ ಹೇಳುತ್ತೀ ಎಂದು ನಾನು. ಇನ್ನೊಂದು ಹೆದರಿಕೆ ನನಗಿತ್ತು. ಇದು ಸತ್ತವರ ಜಾಗ ಎಂದು ಹೇಳಿದರೆ ನಾಗನ ಕಟ್ಟೆ ಬರಲಿಕ್ಕಿಲ್ಲ, ನಿಜ. ಆದರೆ ಜನ ಹೆದರಿ, ಸೂತಕ ಎಂದು, ಕುಲೆ, ಪ್ರೇತ ಬಿಡಿಸಬೇಕು ಎಂದು ಒಳಗಿದ್ದದ್ದನ್ನು ಎತ್ತಿ ಹೊಳೆಗೆ ಬಿಟ್ಟರೆ? ಬಾಯಿಯಲ್ಲಿ ಬಿಸಿತುಪ್ಪ. ಕೊನೆಗೆ ನಾನೇ ತೀರ್ಮಾನ ಮಾಡಿದೆ. ನಾಗ ಇಲ್ಲ ಎಂದೂ ಹೇಳುವುದಿಲ್ಲ, ಉಂಟು ಎಂದೂ ಹೇಳುವುದಿಲ್ಲ. ಒಳಗೆ ಇರುವುದನ್ನು ಗುತ್ತಿನ ಯಜಮಾನರಿಗೆ ತೋರಿಸುತ್ತೇನೆ. ಆ ಮನೆಯ ಮಾತು ಊರಿನಲ್ಲಿ ನಡೆಯುತ್ತದೆ. ನೋಡಿದ ಮೇಲೆ ಅವರಿಗೆ ತೋಚಿದ ಹಾಗೆ ಆಗಲಿ.

ಯಜಮಾನರು ಬಂದದ್ದು ಮಧ್ಯಾಹ್ನ, ನಾನು ಕೇಳಿಕೊಂಡ ಹೊತ್ತಿಗೆ, ಸೂರ್ಯ ನೆತ್ತಿಗೆ ಬಂದಾಗ. ಎತ್ತರದ ಆಳು, ಬಿಳಿ ವೇಷ್ಟಿ, ಹೆಗಲಿಗೆ ಬೈರಾಸು. ಹಿಂದೆ ಅವರ ತಂಗಿ, ಅವರ ಹಿಂದೆ ಊರಿನ ಹತ್ತಿಪ್ಪತ್ತು ಜನ, ರೇಂಜರ್ ಸಾಹೇಬರು ಎಲ್ಲರಿಗಿಂತ ದೂರ. ಗೆಳೆಯ ಮೊದಲೇ ಮುಂದೆ ಹೋಗಿ ಅರಿಶಿನದ ವಿಷಯ ಹೇಳಿದ. ಇರುವೆಗೆ ಹಾಕಿದ್ದು, ತಪ್ಪಾಯಿತು ಎಂದ. ಗುಸುಗುಸು ಎದ್ದಿತು. ಯಜಮಾನರು ಕೈ ಎತ್ತಿದರು.

"ಟೀಚರ್, ನೀವು ಎಂತ ತೋರಿಸುತ್ತೇನೆ ಎಂದದ್ದು?"

ಅವರು ಬೈರಾಸು ಹಾಸಿ, ಆ ವಯಸ್ಸಿನಲ್ಲಿ, ನನ್ನ ಹಾಗೆಯೇ ಹೊಟ್ಟೆಯ ಮೇಲೆ ಮಲಗಿದರು. ನಾನು ಕನ್ನಡಿ ಹಿಡಿದೆ. ಬೆಳಕು ಒಳಗೆ ಇಳಿಯಿತು. ಉಳಿಯ ಗೀರು ತೋರಿಸಿದೆ, ಮಡಕೆಯ ಬಾಯಿ ತೋರಿಸಿದೆ, ಬೇರು ತೋರಿಸಿದೆ. ಅವರು ಕುತ್ತಿಗೆಯನ್ನು ಇನ್ನಷ್ಟು ಒಳಗೆ ಚಾಚಿದರು.

"ಮಡಕೆಯಲ್ಲಿ ಎಂತ ಉಂಟು?"

"ಸತ್ತವರ ಎಲುಬು ಇಟ್ಟಿರುತ್ತಾರೆ ಯಜಮಾನ್ರೇ. ಈ ಮಣ್ಣಿನಲ್ಲಿ ಎಲುಬು ಉಳಿಯುವುದು ಕಷ್ಟ. ಜೊತೆಗೆ ಕತ್ತಿ, ಮಣಿ, ಅನ್ನದ ಬಟ್ಟಲು. ಅಲ್ಲಿಗೆ ಹೋದ ಮೇಲೆ ಬೇಕಾಗುತ್ತದೆ ಎಂದು."

"ನಾವು ಆಟಿ ತಿಂಗಳಲ್ಲಿ ತೀರಿಹೋದ ಹಿರಿಯರಿಗೆ ಬಡಿಸುವ ಹಾಗೆ."

"ಹೌದು. ಹಾಗೆಯೇ."

"ಇವರು ಯಾರು? ಯಾವ ಜಾತಿ, ಯಾವ ಕುಟುಂಬ?"

"ಯಾರಿಗೂ ಗೊತ್ತಿಲ್ಲ. ನಿಮ್ಮ ಹಿರಿಯರೇ ಇರಬಹುದು, ನನ್ನವರೂ ಇರಬಹುದು."

ಅವರು ಎದ್ದು ಕುಳಿತರು. ಎದೆಗೆ ಹತ್ತಿದ ಮಣ್ಣನ್ನು ಕೊಡವಿಕೊಳ್ಳಲಿಲ್ಲ. ತಂಗಿಯನ್ನು ಕರೆದು ನೋಡು ಎಂದರು. ಆ ಅಮ್ಮ ಇಣುಕಿ ನೋಡಿ, "ಅಯ್ಯೋ ದೇವರೇ, ಒಂದು ಮಡಕೆಯೂ ಕವುಚಿ ಬಿದ್ದಿಲ್ಲ, ನಿನ್ನೆ ಇಟ್ಟ ಹಾಗೆ ಉಂಟಲ್ಲ" ಎಂದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಅದನ್ನು ನೋಡಿ ನನಗೂ ಅಳು ಬಂತು.

ಯಜಮಾನರು ಎದ್ದು ನಿಂತು ಊರವರಿಗೆ ಹೇಳಿದರು. "ಇದು ಹಿರಿಯರು ಮಲಗಿದ ಜಾಗ. ಎಬ್ಬಿಸುವುದು ಬೇಡ. ಕಟ್ಟೆ ಬೇಡ, ಸಿಮೆಂಟು ಬೇಡ, ಮರಕ್ಕೆ ಕತ್ತಿ ಹಾಕುವುದು ಬೇಡ. ನಾಗ ಇದ್ದರೆ ಅವನಿಗೂ ಹೀಗೇ ಇರುವುದು ಇಷ್ಟ."

ಹಿಂದಿನಿಂದ ಒಬ್ಬರು, "ಜೀರ್ಣೋದ್ಧಾರದ ಫ್ಲೆಕ್ಸಿಗೆ ಹೇಳಿ ಆಗಿದೆ ಯಜಮಾನ್ರೇ" ಎಂದರು.

"ಒಳ್ಳೆಯದಾಯಿತು. ನಿನ್ನ ಸೌದೆ ಕೊಟ್ಟಿಗೆ ಸೋರುತ್ತದಲ್ಲ, ಮಳೆಗಾಲಕ್ಕೆ ಹೊದೆಸು."

ಜನ ನಕ್ಕರು. ರೇಂಜರ್ ಸಾಹೇಬರು ದೂರದಿಂದಲೇ ನನಗೆ ಕೈ ಮುಗಿದರು. ನಾನು ಗೆದ್ದೆ ಎಂದುಕೊಂಡೆ. ಆಗ ಯಜಮಾನರು ನನ್ನ ಕಡೆ ತಿರುಗಿದರು.

"ಟೀಚರ್, ನ್ಯಾಯ ಎಂದರೆ ಎಲ್ಲರಿಗೂ ಒಂದೇ ಅಲ್ವಾ? ನಮ್ಮ ಸಿಮೆಂಟು ಬೇಡ ಎಂದಾಯಿತು. ನಿಮ್ಮ ಹಾರೆಯೂ ಬೇಡ."

ನನಗೆ ಮೂಗಿನ ತುದಿಯಲ್ಲೇ ಕೋಪ. ಎಲ್ಲರ ಎದುರು ವಾದ ಮಾಡಿದೆ. ನಾವು ಅಗೆಯುವುದು ಹಾರೆಯಿಂದ ಅಲ್ಲ, ಬ್ರಶ್ಶಿನಿಂದ ಎಂದೆ. ಒಂದೊಂದು ಚೂರನ್ನೂ ಗುರುತು ಹಾಕಿ ಜೋಪಾನ ಮಾಡುತ್ತೇವೆ ಎಂದೆ. ಅವರು ಯಾರು ಎಂದು ನೀವೇ ಕೇಳಿದಿರಿ, ಅಗೆಯದೆ ಅದು ಹೇಗೆ ಗೊತ್ತಾಗುತ್ತದೆ ಎಂದೆ. ಯಜಮಾನರು ಎಲ್ಲವನ್ನೂ ಕೇಳಿದರು.

"ನಿಮ್ಮ ಅಜ್ಜಿಯ ಎಲುಬನ್ನು ಬ್ರಶ್ಶಿನಿಂದ ತೆಗೆದರೆ ಆದೀತಾ?" ಎಂದರು. ಗಲಾಟೆಯ ಸ್ವರವೇ ಅಲ್ಲ, ತಿಳಿಯುವುದಕ್ಕೆ ಕೇಳಿದ ಹಾಗೆ.

ನಾನು ಗೆಳೆಯನ ಮುಖ ನೋಡಿದೆ. "ನೀನಾದರೂ ಒಂದು ಮಾತು ಹೇಳು ಮಾರಾಯ!"

ಅವನು ನೆಲ ನೋಡಿಕೊಂಡು ಹೇಳಿದ. "ಆ ಬೇರು ಕಡಿಯದೆ ಒಳಗೆ ಇಳಿಯಲು ಆಗುವುದಿಲ್ಲ ಅಕ್ಕ. ನಿಮಗೂ ಗೊತ್ತುಂಟು."

ಗೊತ್ತಿತ್ತು. ಅಳತೆ ಹಾಕಿದ ದಿನವೇ ಗೊತ್ತಿತ್ತು. ಆದರೂ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೈಕು ಹತ್ತಲಿಲ್ಲ. ಬಿಸಿಲಿನಲ್ಲಿ ಪದವು ಪೂರ್ತಿ ನಡೆದು ಎಲ್ಲೂರಿಗೆ ಬಂದು ಬಸ್ಸು ಹಿಡಿದೆ.

ಯಜಮಾನರು ನನ್ನನ್ನು ಕಟ್ಟಿಹಾಕಿರಲಿಲ್ಲ. ಮೇಲಿನವರಿಗೆ ಬರೆದು, ಉಡುಪಿಯಲ್ಲಿ ಇಬ್ಬರು ಮೂವರನ್ನು ಹಿಡಿದು, ಅವರ ಆಕ್ಷೇಪವನ್ನು ದಾಟಿ ಅನುಮತಿ ತರುವ ದಾರಿ ನನಗೆ ತಿಳಿದಿತ್ತು. ತಂದಿದ್ದರೆ ಏನಾಗುತ್ತಿತ್ತು? ಅವರ ಮಾತಿಗೆ ಊರಿನಲ್ಲಿ ಬೆಲೆ ಹೋಗುತ್ತಿತ್ತು. ಟೀಚರ್ ಅಗೆಯಬಹುದಾದರೆ ನಾವು ಕಟ್ಟೆ ಕಟ್ಟಬಾರದಾ ಎಂದು ಫ್ಲೆಕ್ಸ್ ಹೊರಗೆ ಬರುತ್ತಿತ್ತು. ಎರಡು ದಿನ ಮನೆಯಲ್ಲಿ ಇದನ್ನೇ ಲೆಕ್ಕ ಹಾಕಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಆ ತುತ್ತನ್ನು ನನ್ನ ಕೈಯಿಂದಲೇ ಎಲೆಗೆ ಹಾಕಬೇಕಿತ್ತು.

ಮೂರನೆಯ ದಿನ ಗುತ್ತಿನ ಮನೆಯ ಚಾವಡಿಗೆ ಹೋದೆ. ಯಜಮಾನರು ಬೆಲ್ಲ, ನೀರು ಕೊಟ್ಟು ಕುಳ್ಳಿರಿಸಿದರು. "ಅಗೆಯುವುದಿಲ್ಲ" ಎಂದೆ. ಅವರು, "ನಾನಿರುವವರೆಗೆ ಅಲ್ಲಿ ಸಿಮೆಂಟು ಬೀಳುವುದಿಲ್ಲ ಟೀಚರ್. ಇದು ಮಾತು" ಎಂದರು. ಬರಹ, ಸಾಕ್ಷಿ ಎಂತದೂ ಇರಲಿಲ್ಲ.

ಮಳೆಗೆ ಮೊದಲು ಉಳಿದ ಕೆಲಸ ಮುಗಿಸಿದೆವು. ಕೋಣೆಯ ನಕ್ಷೆ ಮಾಡಿದೆ. ತೂತಿನ ಮೇಲಿಂದ ಎಂದೋ ಜಾರಿ ಬಿದ್ದಿದ್ದ ದುಂಡು ಮುಚ್ಚಳದ ಕಲ್ಲು ಎಲೆಯ ಅಡಿಯಲ್ಲಿ ಸಿಕ್ಕಿತು. ಊರವರೇ ಸೇರಿ ಅದನ್ನು ಎತ್ತಿ ಅದರ ಜಾಗದಲ್ಲಿ ಕುಳ್ಳಿರಿಸಿದರು. ಬೆಣ್ಣೆಯ ಡಬ್ಬಿಗೆ ಮುಚ್ಚಳ ಹಾಕಿದಷ್ಟು ಸರಿಯಾಗಿ ಕುಳಿತಿತು. ಮುಳ್ಳುಹಂದಿಗೆ ಅದರ ಮಾಟೆ ಬಿಟ್ಟೆವು. ನಡೆಯುವ ದಾರಿಯನ್ನು ರೇಂಜರ್ ಸಾಹೇಬರು ಕಾಡಿನ ಇನ್ನೊಂದು ಬದಿಗೆ ತಿರುಗಿಸಿದರು. ನನ್ನ ಫಲಕದಲ್ಲಿ, ಈ ಪದವಿನಲ್ಲಿ ಬಹಳ ಹಿಂದಿನ ಜನ ತಮ್ಮವರನ್ನು ಮಲಗಿಸಿದ್ದಾರೆ, ಅವರ ಮೇಲೆ ಈ ಕಾಡು ಬೆಳೆದಿದೆ, ಮೆಲ್ಲಗೆ ನಡೆಯಿರಿ ಎಂದಷ್ಟೇ ಬರೆದೆ. ಎಲ್ಲಿ ಎಂದು ಬರೆಯಲಿಲ್ಲ. ಗೆಳೆಯನ ಜೊತೆ ಮಾತು ಮೊದಲಿನ ಹಾಗಾಗಲು ಆ ಮಳೆಗಾಲ ಪೂರ್ತಿ ಬೇಕಾಯಿತು.

ಈಗ ಅವನು ದೂರದ ಊರಿಗೆ ಹೋಗಿದ್ದಾನೆ, ಅಲ್ಲಿಯ ಮರಗಳಿಗೆ ಪರಿಮಳವೇ ಇಲ್ಲ ಎಂದು ಫೋನಿನಲ್ಲಿ ದೂರುತ್ತಾನೆ. ನಾನು ನಿವೃತ್ತಳಾದೆ. ಮಂಡಿ ಪದವು ಹತ್ತಲು ಬಿಡುವುದಿಲ್ಲ. ಆ ಬೇಸಿಗೆಯ ಧೂಪದ ನೆರಳು, ಅವನ ತಮಾಷೆ, ಬುತ್ತಿಯ ಚಟ್ನಿ, ಎಲ್ಲ ನೆನಪಾಗುತ್ತದೆ. ಜೊತೆಗೆ ಹೊಟ್ಟೆಯೂ ಉರಿಯುತ್ತದೆ. ಬೇರೆ ಕಡೆ ಯಾರೋ ಕೋಣೆ ತೆರೆದರು, ಮಣಿ ಸಿಕ್ಕಿತು ಎಂದು ಪತ್ರಿಕೆಯಲ್ಲಿ ಬಂದರೆ ಆ ದಿನ ನನಗೆ ಊಟ ಸೇರುವುದಿಲ್ಲ. ಇಷ್ಟು ದೊಡ್ಡದನ್ನು ಬಿಟ್ಟುಕೊಟ್ಟವಳು ನಾನೊಬ್ಬಳೇ, ಯಜಮಾನರಿಗೆ ಒಂದು ಮಾತು ಕೊಡುವುದಕ್ಕೆ ಎಂತ ಖರ್ಚಾಯಿತು ಎಂದು ಎಷ್ಟೋ ಸಲ ಮನಸ್ಸಿನಲ್ಲೇ ಅವರ ಜೊತೆ ಜಗಳ ಮಾಡಿದ್ದೇನೆ.

ಕಳೆದ ವರ್ಷ ಯಜಮಾನರು ತೀರಿಕೊಂಡರು. ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಯ ಊಟಕ್ಕೆ, ಹೇಳಿಕೆ ಬಂದಿತ್ತು, ಹೋದೆ. ಅಂಗಳಕ್ಕೆ ಚಪ್ಪರ ಹಾಕಿದ್ದರು, ಜನ ತುಂಬಿತ್ತು. ಅವರ ತಂಗಿ ನನ್ನನ್ನು ಒಳಗೆ ಕರೆದು ಅಣ್ಣನ ಫೋಟೋದ ಎದುರು ಕುಳ್ಳಿರಿಸಿದರು.

"ನಿಮಗೆ ಗೊತ್ತಿಲ್ಲ ಟೀಚರ್, ಅಣ್ಣ ಹೇಳಬೇಡ ಎಂದಿದ್ದರು" ಎಂದು ಶುರು ಮಾಡಿದರು. "ನನ್ನ ಮಗನಿಗೆ ದುಬೈಯಲ್ಲಿ ಕೆಲಸ ಹೋಯಿತು. ಮಗಳಿಗೆ ಹೊಟ್ಟೆಯಲ್ಲಿ ಇದ್ದದ್ದು ಎರಡು ಸಲ ನಿಲ್ಲಲಿಲ್ಲ. ಜೋಯಿಸರ ಹತ್ತಿರ ಪ್ರಶ್ನೆ ಇಟ್ಟೆವು. ಕಾಡಿನಲ್ಲಿ ತನು ಹಾಕಿದ ಜಾಗವನ್ನು ಹಾಗೇ ಬಿಟ್ಟಿದ್ದೀರಿ, ಜೀರ್ಣೋದ್ಧಾರ ಮಾಡದೆ ದೋಷ ಹೋಗುವುದಿಲ್ಲ ಎಂದು ಬಂತು. ಇನ್ನೊಬ್ಬರ ಹತ್ತಿರ ಹೋದೆವು, ಅಲ್ಲಿಯೂ ಅದೇ ಬಂತು. ಮೊದಲು ತನು ಹಾಕಿದವಳು ನಾನಲ್ವಾ? ಅಣ್ಣನ ಕಾಲು ಹಿಡಿದು ಅತ್ತಿದ್ದೇನೆ ಟೀಚರ್. ಕುಟುಂಬದವರು ಅಣ್ಣನ ಹತ್ತಿರ ಮಾತು ಬಿಟ್ಟರು. ಕಡೆಗೆ ಮಗಳೂ ಬಿಟ್ಟಳು. ಮಾಮನ ಹಟದಿಂದ ನನ್ನ ಮಡಿಲು ಖಾಲಿ ಎಂದಳು. ಅಣ್ಣ ಒಂದೇ ಹೇಳಿದ್ದು. ಟೀಚರಿಗೆ ಮಾತು ಕೊಟ್ಟಿದ್ದೇನೆ, ಅವರೂ ಕಡಿಮೆಯದ್ದು ಬಿಟ್ಟಿಲ್ಲ."

ಫೋಟೋ ನೋಡಲು ಧೈರ್ಯ ಬರಲಿಲ್ಲ.

"ಮಗಳು ಈಗ ಹೇಗಿದ್ದಾಳೆ?" ಎಂದೆ.

"ಮಗು ಆಗಲಿಲ್ಲ" ಎಂದರು.

ಹೊರಗೆ ಎಲೆ ಹಾಕುವ ಸದ್ದು ಕೇಳಿಸುತ್ತಿತ್ತು. ಆ ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. "ಅಣ್ಣ ಇನ್ನಿಲ್ಲ. ಅವರ ಮಾತು ಅವರಿರುವವರೆಗೆ. ಇನ್ನು ಎಂತ ಮಾಡುವುದೆಂದು ಎಲ್ಲರೂ ನನ್ನ ಹತ್ತಿರ ಕೇಳುತ್ತಾರೆ. ನೀವು ಈಗ ಅಗೆಯುತ್ತೀರಾ ಟೀಚರ್?"

"ಇಲ್ಲ ಅಕ್ಕ" ಎಂದೆ.

ಅವರು ಮೊಣಕಾಲಿಗೆ ಕೈ ಊರಿ ಎದ್ದು, ನನ್ನ ತೋಳು ಹಿಡಿದು ಎಬ್ಬಿಸಿದರು.

"ಹಾಗಾದರೆ ನಾವೂ ಕಟ್ಟುವುದಿಲ್ಲ. ಬನ್ನಿ, ಊಟಕ್ಕೆ ಕುಳಿತುಕೊಳ್ಳಿ."